ಮಿಲಿಸೆಕೆಂಡಿಗೊಮ್ಮೆ ನಡೆಯುವ ಪಾಲು ಹಂಚಿಕೆ

ಮೊಬೈಲ್ ಕಂಪನಿಗಳು ಗ್ರಾಹಕರಿಗೆ ದಿನಕ್ಕೆ ಒಂದೂವರೆ ಜಿಬಿ, ಎರಡು ಜಿಬಿ ಎಂದು ಅಳೆದು ಡೇಟಾ ಮಾರುತ್ತವೆಯಾದರೂ ನಿಜವಾದ ಕೊರತೆ ಇರುವುದು ಡೇಟಾಕ್ಕಲ್ಲ. ಒಂದು ಸಿನಿಮಾವನ್ನು ಸರ್ವರ್‌ನಲ್ಲಿ ಎಷ್ಟು ಸಲ ಬೇಕಾದರೂ ನಕಲು ಮಾಡಬಹುದು, ನೆಲದಡಿಯ ಆಪ್ಟಿಕಲ್ ಫೈಬರ್ ಸಾಲದೆ ಹೋದರೆ ಪಕ್ಕದಲ್ಲೇ ಇನ್ನೊಂದು ಎಳೆಯನ್ನು ಹಾಸಬಹುದು. ಆದರೆ ಟವರ್‌ನಿಂದ ಕೈಯಲ್ಲಿರುವ ಫೋನಿನವರೆಗಿನ ಕೊನೆಯ ಹಾದಿಯಲ್ಲಿ, ಅಂದರೆ ಕೆಲವು ನೂರು ಮೀಟರ್‌ಗಳಿಂದ ಕೆಲವು ಕಿಲೋಮೀಟರ್‌ಗಳವರೆಗಿನ ಬಯಲಿನಲ್ಲಿ, ಹಾಗೆ ಎಳೆ ಸೇರಿಸಲು ಬರುವುದಿಲ್ಲ. ಆ ಪ್ರದೇಶದ ಎಲ್ಲರ ಮಾತು, ಚಿತ್ರ, ಪಾಠ, ಪಂದ್ಯ, ಹಣಪಾವತಿಗಳು ಕಂಪನಿಗೆ ದೊರೆತಿರುವ ಒಂದೇ ತರಂಗಾಂತರ ಪಟ್ಟಿಯೊಳಗೆ ತೂರಿಹೋಗಬೇಕಾಗಿದ್ದು, ಯಾರ ಚಿತ್ರ ಸರಾಗವಾಗಿ ಓಡಬೇಕು, ಯಾರದು ನಿಂತು ಸುತ್ತಬೇಕು ಎಂಬುದು ಅಲ್ಲಿಯೇ ತೀರ್ಮಾನವಾಗುತ್ತದೆ.

ಈ ತರಂಗಾಂತರ, ಅಂದರೆ ಸ್ಪೆಕ್ಟ್ರಂ, ಯಾರ ಸ್ವತ್ತು ಎಂಬ ಪ್ರಶ್ನೆಗೆ ಭಾರತದಲ್ಲಿ ಸ್ಪಷ್ಟ ಉತ್ತರ ದೊರೆತದ್ದು ಕ್ರಿಕೆಟ್‌ನ ನೆಪದಲ್ಲಿ. ಪಂದ್ಯಗಳ ನೇರಪ್ರಸಾರದ ಹಕ್ಕಿನ ವಿಚಾರವಾಗಿ ಬಂಗಾಳ ಕ್ರಿಕೆಟ್ ಸಂಸ್ಥೆಗೂ ಕೇಂದ್ರದ ವಾರ್ತಾ ಮತ್ತು ಪ್ರಸಾರ ಸಚಿವಾಲಯಕ್ಕೂ ನಡೆದ ವ್ಯಾಜ್ಯದಲ್ಲಿ 1995ರ ಫೆಬ್ರುವರಿಯಲ್ಲಿ ತೀರ್ಪು ನೀಡಿದ ಸುಪ್ರೀಂ ಕೋರ್ಟ್, ರೇಡಿಯೋ ತರಂಗಗಳು ಸಾರ್ವಜನಿಕ ಸ್ವತ್ತು, ಅವುಗಳ ಬಳಕೆ ಸಾರ್ವಜನಿಕ ಹಿತಕ್ಕೆ ಒಳಪಟ್ಟಿರಬೇಕು ಎಂದು ಸಾರಿತು. 2012ರಲ್ಲಿ ಅದೇ ನ್ಯಾಯಾಲಯ 122 ದೂರಸಂಪರ್ಕ ಪರವಾನಗಿಗಳನ್ನು ರದ್ದು ಮಾಡಿದ ಮೇಲೆ ಹರಾಜೇ ಹಂಚಿಕೆಯ ರೂಢಿಯಾಯಿತು. 2022ರ ಆಗಸ್ಟ್‌ನಲ್ಲಿ ಮುಗಿದ 5ಜಿ ಹರಾಜಿನಲ್ಲಿ ಸುಮಾರು 1.5 ಲಕ್ಷ ಕೋಟಿ ರೂಪಾಯಿಯ ಬಿಡ್‌ಗಳು ಬಂದವು. ಈ ಹರಾಜುಗಳು ದಿನಗಟ್ಟಲೆ ಮುಖಪುಟದ ಸುದ್ದಿಯಾಗುತ್ತವೆ. ಹರಾಜಿನ ಬಳಿಕ ಪ್ರತಿಯೊಂದು ಟವರ್‌ನಲ್ಲಿ ಸೆಕೆಂಡಿಗೆ ಸಾವಿರ ಸಲ ನಡೆಯುವ ಎರಡನೆಯ ಹಂಚಿಕೆ ಮಾತ್ರ ಯಾರ ಕಣ್ಣಿಗೂ ಬೀಳುವುದಿಲ್ಲ. ಅದರ ನಿಯಮಗಳನ್ನು ರೂಪಿಸಿದವರು ಗಣಿತಜ್ಞರು ಮತ್ತು ಎಂಜಿನಿಯರ್‌ಗಳಾದರೂ, ಆ ಪ್ರತಿಯೊಂದು ನಿಯಮದ ಒಳಗೆ ನ್ಯಾಯ ಎಂದರೇನು ಎಂಬ ಒಂದು ಕಲ್ಪನೆ ಕೂತಿದೆ. ಸ್ವತ್ತು ಸಾರ್ವಜನಿಕರದಾಗಿರುವಾಗ ಆ ಕಲ್ಪನೆ ಏನೆಂದು ತಿಳಿಯುವ ಹಕ್ಕೂ ಸಾರ್ವಜನಿಕರಿಗೆ ಇರಬೇಕಾಗುತ್ತದೆ.

ಮಿತಿಯ ಮೂಲ

ಒಂದು ತರಂಗಾಂತರ ಪಟ್ಟಿಯ ಮೂಲಕ ಸೆಕೆಂಡಿಗೆ ಎಷ್ಟು ಬಿಟ್ ಮಾಹಿತಿಯನ್ನು ದೋಷವಿಲ್ಲದೆ ಕಳುಹಿಸಬಹುದು ಎಂಬುದಕ್ಕೆ ಮೇಲ್ಮಿತಿ ಇದೆಯೆಂದು 1948ರಲ್ಲಿ ಅಮೆರಿಕದ ಬೆಲ್ ಪ್ರಯೋಗಾಲಯದ ಕ್ಲಾಡ್ ಶ್ಯಾನನ್ ಸಾಧಿಸಿ ತೋರಿಸಿದರು. ಆ ಮಿತಿ ಎರಡು ಸಂಗತಿಗಳನ್ನು ಅವಲಂಬಿಸುತ್ತದೆ: ಪಟ್ಟಿಯ ಅಗಲ, ಮತ್ತು ಫೋನನ್ನು ತಲುಪುವ ಸಿಗ್ನಲ್ ಅಲ್ಲಿನ ಗದ್ದಲಕ್ಕಿಂತ ಎಷ್ಟು ಪಟ್ಟು ಪ್ರಬಲವಾಗಿದೆ ಎಂಬುದು. ಪಟ್ಟಿಯ ಅಗಲ ಇಮ್ಮಡಿಯಾದರೆ ಸಾಮರ್ಥ್ಯ ಸರಿಸುಮಾರು ಇಮ್ಮಡಿಯಾಗುತ್ತದೆ, ಆದರೆ ಟವರ್‌ನ ಶಕ್ತಿಯನ್ನು ಇಮ್ಮಡಿ ಮಾಡಿದರೆ, ಸಿಗ್ನಲ್ ಆಗಲೇ ಚೆನ್ನಾಗಿರುವ ಕಡೆ, ಪ್ರತಿ ಸಂಕೇತಕ್ಕೆ, ಅಂದರೆ ಒಮ್ಮೆಗೆ ಕಳುಹಿಸುವ ಅಲೆಯ ತುಣುಕಿಗೆ, ಕೇವಲ ಒಂದು ಬಿಟ್‌ನಷ್ಟು ಲಾಭ ಸಿಗುತ್ತದೆ. ಹೆಚ್ಚು ವಿದ್ಯುತ್ ಸುರಿದು ಕೊರತೆಯನ್ನು ನೀಗಲಾಗದು ಎಂಬುದು ಇದರ ಅರ್ಥ.

ಇರುವ ಪಟ್ಟಿಯನ್ನೇ ಮತ್ತೆ ಮತ್ತೆ ಬಳಸುವುದು ಉಳಿದ ದಾರಿ. ಊರನ್ನು ಸಣ್ಣ ಸಣ್ಣ ಕೋಶಗಳಾಗಿ ವಿಂಗಡಿಸಿ, ಪ್ರತಿ ಕೋಶಕ್ಕೂ ಕಡಿಮೆ ಶಕ್ತಿಯ ಒಂದು ಟವರ್ ಇಟ್ಟು, ಒಂದು ಕೋಶದಲ್ಲಿ ಬಳಸಿದ ಆವರ್ತನವನ್ನು ಸಾಕಷ್ಟು ದೂರದ ಇನ್ನೊಂದು ಕೋಶದಲ್ಲಿ ಮತ್ತೆ ಬಳಸುವ ಈ ಯೋಚನೆ 1947ರಲ್ಲಿ ಅದೇ ಬೆಲ್ ಪ್ರಯೋಗಾಲಯದ ಆಂತರಿಕ ಟಿಪ್ಪಣಿಯೊಂದರಲ್ಲಿ ಮೂಡಿತು. ಮೊಬೈಲ್ ಫೋನಿಗೆ ಇಂಗ್ಲಿಷಿನಲ್ಲಿ ‘ಸೆಲ್‌ಫೋನ್’ ಎಂಬ ಹೆಸರು ಬಂದದ್ದು ಈ ಕೋಶಗಳಿಂದಲೇ. ಇಂದಿನ 4ಜಿ, 5ಜಿ ಜಾಲಗಳಲ್ಲಿ ಅಕ್ಕಪಕ್ಕದ ಕೋಶಗಳು ಕೂಡ ಸಾಮಾನ್ಯವಾಗಿ ಒಂದೇ ಪಟ್ಟಿಯನ್ನು ಬಳಸುತ್ತವೆ. ಆದ್ದರಿಂದ ಎರಡು ಟವರ್‌ಗಳ ನಡುವಿನ ಗಡಿಯಲ್ಲಿರುವ ಫೋನಿಗೆ ತನ್ನ ಟವರ್‌ನ ಸಿಗ್ನಲ್ ಕ್ಷೀಣವಾಗಿ ತಲುಪುತ್ತದೆ, ಅದರ ಜೊತೆಗೆ ಪಕ್ಕದ ಟವರ್‌ನ ಸಿಗ್ನಲ್ಲೇ ಗದ್ದಲವಾಗಿ ಬಂದು ಅಡ್ಡಿಪಡಿಸುತ್ತದೆ. ಕೋಶದ ಅಂಚಿನಲ್ಲಿರುವವರ ಪಾಡು ಈ ಲೇಖನದ ಉದ್ದಕ್ಕೂ ಎದುರಾಗುವಂಥದ್ದು.

ನೂರು ತುಂಡುಗಳ ಲೆಕ್ಕ

4ಜಿ ತಂತ್ರಜ್ಞಾನದಲ್ಲಿ ಹಂಚಿಕೆಯ ಮೂಲಘಟಕವನ್ನು ‘ರಿಸೋರ್ಸ್ ಬ್ಲಾಕ್’ ಎನ್ನುತ್ತಾರೆ. ತರಂಗಾಂತರ ಪಟ್ಟಿಯನ್ನು 15 ಕಿಲೋಹರ್ಟ್ಜ್ ಅಗಲದ ಉಪವಾಹಕಗಳಾಗಿ ಸೀಳಿ, ಅಂಥ 12 ಉಪವಾಹಕಗಳನ್ನು ಒಟ್ಟುಗೂಡಿಸಿದರೆ 180 ಕಿಲೋಹರ್ಟ್ಜ್‌ನ ಒಂದು ಬ್ಲಾಕ್ ಆಗುತ್ತದೆ. 20 ಮೆಗಾಹರ್ಟ್ಜ್ ಪಟ್ಟಿಯಲ್ಲಿ ಇಂಥ 100 ಬ್ಲಾಕ್‌ಗಳಿರುತ್ತವೆ. ಒಂದು ಮಿಲಿಸೆಕೆಂಡಿನಲ್ಲಿ, ಅಂದರೆ ಸೆಕೆಂಡಿನ ಸಾವಿರನೆಯ ಒಂದು ಭಾಗದಲ್ಲಿ, ಪ್ರತಿ ಉಪವಾಹಕವೂ ಸಾಮಾನ್ಯವಾಗಿ 14 ಸಂಕೇತಗಳನ್ನು ಹೊರುವುದರಿಂದ ಒಂದು ಬ್ಲಾಕ್‌ನಲ್ಲಿ 168 ಸಂಕೇತಗಳಿಗೆ ಜಾಗವಿರುತ್ತದೆ. ಇವುಗಳಲ್ಲಿ ಕೆಲವು ಟವರ್‌ನ ಗುರುತಿನ ಸಂಕೇತಗಳಿಗೂ ನಿಯಂತ್ರಣದ ಆದೇಶಗಳಿಗೂ ಹೋಗುವುದರಿಂದ ಗ್ರಾಹಕರ ಮಾಹಿತಿಗೆ ಸುಮಾರು 120 ಉಳಿಯುತ್ತವೆ ಎಂದು ಲೆಕ್ಕದ ಅನುಕೂಲಕ್ಕಾಗಿ ಇಟ್ಟುಕೊಳ್ಳಬಹುದು. ಪ್ರತಿ ಮಿಲಿಸೆಕೆಂಡಿಗೂ ಈ ನೂರು ಬ್ಲಾಕ್‌ಗಳಲ್ಲಿ ಯಾವುದು ಯಾವ ಫೋನಿಗೆ ಎಂದು ಗೊತ್ತುಮಾಡುವ ತಂತ್ರಾಂಶವೇ ಶೆಡ್ಯೂಲರ್.

ಎಲ್ಲ ಬ್ಲಾಕ್‌ಗಳೂ ಎಲ್ಲರ ಕೈಯಲ್ಲಿ ಒಂದೇ ಬೆಲೆ ಬಾಳುವುದಿಲ್ಲ ಎಂಬುದು ಇಲ್ಲಿನ ತೊಡಕು. ಪ್ರತಿಯೊಂದು ಫೋನ್ ತನಗೆ ಸಿಗ್ನಲ್ ಎಷ್ಟು ಚೆನ್ನಾಗಿ ಕೇಳಿಸುತ್ತಿದೆ ಎಂಬುದನ್ನು ಸೊನ್ನೆಯಿಂದ 15ರವರೆಗಿನ ಒಂದು ಅಂಕಿಯಾಗಿ ಟವರ್‌ಗೆ ಆಗಾಗ ವರದಿ ಮಾಡುತ್ತಿರುತ್ತದೆ. 4ಜಿಯ ಮೂಲ ಕೋಷ್ಟಕದ ಪ್ರಕಾರ 15 ಎಂದು ವರದಿ ಮಾಡಿದ ಫೋನಿಗೆ ಒಂದು ಸಂಕೇತದಲ್ಲಿ ಸುಮಾರು 5.55 ಬಿಟ್ ತುಂಬಿ ಕಳುಹಿಸಬಹುದಾದರೆ, 1 ಎಂದು ವರದಿ ಮಾಡಿದ ಫೋನಿಗೆ ಕಳುಹಿಸಬಹುದಾದದ್ದು ಕೇವಲ 0.15 ಬಿಟ್, ಉಳಿದದ್ದೆಲ್ಲ ದಾರಿಯಲ್ಲಿ ಹಾಳಾಗುವುದನ್ನು ತುಂಬಿಕೊಳ್ಳಲು ಸೇರಿಸುವ ಹೆಚ್ಚುವರಿ ಬಿಟ್‌ಗಳಿಗೆ ವ್ಯಯವಾಗುತ್ತದೆ. ಇವೆರಡರ ನಡುವಿನ ಅಂತರ ಸುಮಾರು 36 ಪಟ್ಟು. ಸೆಕೆಂಡಿಗೆ ಒಂದು ಮೆಗಾಬಿಟ್ ಬೇಡುವ ಸಾಧಾರಣ ಗುಣಮಟ್ಟದ ವಿಡಿಯೊವನ್ನು ಇಬ್ಬರೂ ನೋಡುತ್ತಿದ್ದಾರೆ ಎಂದುಕೊಂಡರೆ, ಟವರ್‌ನ ಸಮೀಪದವರಿಗೆ ಮಿಲಿಸೆಕೆಂಡಿಗೆ ಸರಾಸರಿ ಒಂದೂವರೆ ಬ್ಲಾಕ್ ಸಾಕು. ಅಂಚಿನಲ್ಲಿರುವವರಿಗೆ 55 ಬ್ಲಾಕ್ ಬೇಕು. ಅದೇ ವಿಡಿಯೊ, ಅದೇ ಬೆಲೆಯ ರೀಚಾರ್ಜ್, ಆದರೆ ಅಂಚಿನ ಒಬ್ಬ ವೀಕ್ಷಕರು ಇಡೀ ಕೋಶದ ಅರ್ಧಕ್ಕಿಂತ ಹೆಚ್ಚಿನ ಸಂಪನ್ಮೂಲವನ್ನು ತೆಗೆದುಕೊಳ್ಳುತ್ತಾರೆ. ಒಂದಕ್ಕಿಂತ ಹೆಚ್ಚು ಆಂಟೆನಾಗಳ ಬಳಕೆಯಿಂದ ಈ ಅಂಕಿಗಳು ಬದಲಾಗುತ್ತವೆಯಾದರೂ ಅಸಮಾನತೆಯ ಸ್ವರೂಪ ಬದಲಾಗುವುದಿಲ್ಲ.

ಈಗ ಕೋಶದಲ್ಲಿ ಇವರಿಬ್ಬರೇ ಇದ್ದು, ಇಬ್ಬರೂ ಸಿಕ್ಕಷ್ಟೂ ಪಡೆಯಲು ಸಿದ್ಧರಿದ್ದರೆ ಶೆಡ್ಯೂಲರ್ ಏನು ಮಾಡಬೇಕು? ಎಲ್ಲ ಬ್ಲಾಕ್‌ಗಳನ್ನೂ ಸಮೀಪದವರಿಗೇ ಕೊಟ್ಟರೆ ಕೋಶದ ಒಟ್ಟು ವೇಗ ಗರಿಷ್ಠವಾಗಿ ಸೆಕೆಂಡಿಗೆ ಸುಮಾರು 66 ಮೆಗಾಬಿಟ್ ಆಗುತ್ತದೆ, ದೂರದವರಿಗೆ ಏನೂ ಸಿಗುವುದಿಲ್ಲ. ಇಬ್ಬರಿಗೂ ಸಮಾನ ವೇಗ ಸಿಗಬೇಕೆಂದು ಹಟ ಹಿಡಿದರೆ 37 ಪಾಲುಗಳಲ್ಲಿ 36 ಪಾಲು ದೂರದವರಿಗೇ ಹೋಗಿ, ಇಬ್ಬರಿಗೂ ತಲಾ 1.8 ಮೆಗಾಬಿಟ್ ಮಾತ್ರ ದಕ್ಕುತ್ತದೆ. ಸಮಾನತೆ ಸಾಧಿಸಿದರೂ ಇಡೀ ಕೋಶ ಬಡವಾಗುತ್ತದೆ. ಇದು ಬರಿಯ ಪುಸ್ತಕದ ಲೆಕ್ಕವಲ್ಲ. ಪ್ರತಿ ಸಾಧನಕ್ಕೂ ಸಮಾನ ಅವಕಾಶ ಕೊಡುವ ಹಳೆಯ ವೈ-ಫೈ ಪದ್ಧತಿಯಲ್ಲಿ ನಿಧಾನಗತಿಯ ಒಂದೇ ಒಂದು ಲ್ಯಾಪ್‌ಟಾಪ್ ಸೇರಿಕೊಂಡರೂ ಉಳಿದೆಲ್ಲರ ವೇಗ ಅದರ ಮಟ್ಟಕ್ಕೆ ಕುಸಿಯುತ್ತದೆ ಎಂಬುದನ್ನು ಫ್ರಾನ್ಸಿನ ಗ್ರೆನೋಬಲ್‌ನ ಸಂಶೋಧಕರು 2003ರಲ್ಲಿ ತೋರಿಸಿಕೊಟ್ಟರು.

ಈ ಎರಡು ತುದಿಗಳ ನಡುವೆ ಮೂರನೆಯ ಒಂದು ಸೂತ್ರವಿದ್ದು, ಮೊಬೈಲ್ ಜಾಲಗಳ ಹಂಚಿಕೆಗೆ ಬಹುಮಟ್ಟಿಗೆ ಅದೇ ತಳಹದಿಯಾಗಿದೆ. ಅದನ್ನು ಪ್ರಮಾಣಾನುಗುಣ ನ್ಯಾಯ ಎನ್ನಬಹುದು. ಪ್ರತಿ ಮಿಲಿಸೆಕೆಂಡಿಗೂ ಶೆಡ್ಯೂಲರ್ ಪ್ರತಿಯೊಂದು ಫೋನಿನ ವಿಚಾರದಲ್ಲಿ ಒಂದು ಭಾಗಾಕಾರ ಮಾಡುತ್ತದೆ: ಈ ಕ್ಷಣದಲ್ಲಿ ಆ ಫೋನಿಗೆ ಎಷ್ಟು ವೇಗದಲ್ಲಿ ಕಳುಹಿಸಬಹುದು ಎಂಬುದನ್ನು, ಇತ್ತೀಚೆಗೆ ಅದಕ್ಕೆ ಸರಾಸರಿ ಎಷ್ಟು ವೇಗ ಸಿಕ್ಕಿದೆ ಎಂಬುದರಿಂದ ಭಾಗಿಸುತ್ತದೆ. ಭಾಗಲಬ್ಧ ಯಾರದು ಹೆಚ್ಚೋ ಅವರಿಗೆ ಬ್ಲಾಕ್ ಸಿಗುತ್ತದೆ. ಬಹಳ ಹೊತ್ತು ಕಾದವರ ಸರಾಸರಿ ಇಳಿಯುತ್ತಾ ಹೋಗುವುದರಿಂದ ಅವರ ಸರದಿ ಬಂದೇ ಬರುತ್ತದೆ. ಬಹಳ ಪಡೆದವರ ಸರಾಸರಿ ಏರುವುದರಿಂದ ಅವರು ಹಿಂದೆ ಸರಿಯುತ್ತಾರೆ. ಮೇಲಿನ ಇಬ್ಬರ ಉದಾಹರಣೆಯಲ್ಲಿ ಈ ಸೂತ್ರದಿಂದ ಸಮಯ ಅರ್ಧರ್ಧ ಹಂಚಿಕೆಯಾಗಿ, ಸಮೀಪದವರಿಗೆ 33 ಮೆಗಾಬಿಟ್, ದೂರದವರಿಗೆ 0.9 ಮೆಗಾಬಿಟ್ ಸಿಗುತ್ತದೆ. ಸಿಗ್ನಲ್ ಎಂದೂ ಒಂದೇ ಸಮನೆ ಇರುವಂಥದ್ದಲ್ಲ. ಗೋಡೆ, ಮರ, ವಾಹನಗಳಿಗೆ ಬಡಿದು ಬರುವ ಅಲೆಗಳು ಒಂದರ ಮೇಲೊಂದು ಬಿದ್ದು ಕೂಡುವುದು, ಕಳೆಯುವುದು ನಡೆದೇ ಇರುವುದರಿಂದ 2100 ಮೆಗಾಹರ್ಟ್ಜ್‌ನಲ್ಲಿ ಫೋನನ್ನು ಆರೇಳು ಸೆಂಟಿಮೀಟರ್ ಸರಿಸಿದರೂ ಅದು ಏರಬಹುದು, ಇಳಿಯಬಹುದು. ಈ ಏರಿಳಿತದಲ್ಲಿ ಯಾರ ಸಿಗ್ನಲ್ ಅವರವರ ಮಟ್ಟಿಗೆ ಏರಿರುತ್ತದೋ ಅವರಿಗೆ ಆ ಕ್ಷಣವನ್ನು ಕೊಡುವುದರಿಂದ ಎಲ್ಲರಿಗೂ ಲಾಭವಾಗುತ್ತದೆ ಎಂಬುದೇ ಈ ಸೂತ್ರದ ಸೊಗಸು.

ಈ ಸೂತ್ರದ ಗಣಿತವನ್ನು 1990ರ ದಶಕದ ಉತ್ತರಾರ್ಧದಲ್ಲಿ ಕೇಂಬ್ರಿಜ್ ವಿಶ್ವವಿದ್ಯಾಲಯದ ಫ್ರ್ಯಾಂಕ್ ಕೆಲ್ಲಿ ತಂತಿಯ ಜಾಲಗಳಿಗಾಗಿ ರೂಪಿಸಿದರು. ಸಂಶೋಧಕ ಡೇವಿಡ್ ತ್ಸೆ ಮತ್ತು ಕ್ವಾಲ್‌ಕಾಮ್ ಕಂಪನಿಯ ಎಂಜಿನಿಯರ್‌ಗಳು ಅದನ್ನು ಮೊಬೈಲ್ ಟವರ್‌ಗೆ ಒಗ್ಗಿಸಿದರು. ಎಲ್ಲರ ವೇಗಗಳ ಲಾಗರಿದಮ್‌ಗಳ ಮೊತ್ತವನ್ನು ಗರಿಷ್ಠಗೊಳಿಸುವುದು ಇದರ ಗುರಿಯಾಗಿದ್ದು, 1950ರಲ್ಲಿ ಗಣಿತಜ್ಞ ಜಾನ್ ನ್ಯಾಶ್ ಇಬ್ಬರ ನಡುವಿನ ಚೌಕಾಸಿಗೆ ಸೂಚಿಸಿದ ಪರಿಹಾರವೂ ಗಣಿತದ ದೃಷ್ಟಿಯಿಂದ ಇದೇ ಆಗಿದೆ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ದಶಕಗಳ ಕಾಲ ಈ ವಿಷಯದಲ್ಲಿ ದುಡಿದು, ಮುಂದೆ ಅದರ ನಿರ್ದೇಶಕರೂ ಆದ ಅನುರಾಗ್ ಕುಮಾರ್ ಅವರು ಡಿ. ಮಂಜುನಾಥ್ ಮತ್ತು ಜಾಯ್ ಕುರಿ ಅವರೊಡನೆ 2008ರಲ್ಲಿ ಹೊರತಂದ ನಿಸ್ತಂತು ಜಾಲಗಳ ಪಠ್ಯಗ್ರಂಥವು ಇಡೀ ವಿಷಯವನ್ನು ಸಂಪನ್ಮೂಲ ಹಂಚಿಕೆಯ ಸಮಸ್ಯೆಯಾಗಿಯೇ ನೋಡುತ್ತದೆ.

ಆದರೂ ಸಮಯದ ಸಮಪಾಲು ನ್ಯಾಯವೇ ಎಂಬ ಪ್ರಶ್ನೆ ಉಳಿಯುತ್ತದೆ. ತುಂಗಭದ್ರಾ ಎಡದಂಡೆ ಕಾಲುವೆಯಲ್ಲಿ ಮೇಲ್ಭಾಗದ ಗದ್ದೆಗಳಿಗೆ ಹರಿಯುವ ನೀರಿಗೂ ರಾಯಚೂರು ಕಡೆಯ ಕೊನೆಭಾಗದ ಹೊಲಗಳಿಗೆ ತಲುಪುವ ನೀರಿಗೂ ಇರುವ ಅಂತರ ಕನ್ನಡ ನಾಡಿನ ರೈತರಿಗೆ ಗೊತ್ತಿರುವಂಥದ್ದೇ. ಎಲ್ಲರಿಗೂ ಇಷ್ಟಿಷ್ಟು ಗಂಟೆ ಎಂದು ಸರದಿ ಗೊತ್ತುಮಾಡಿದರೂ ದಾರಿಯಲ್ಲಿ ಸೋರಿ ಹೋದದ್ದು ಕಳೆದು ಕೊನೆಭಾಗಕ್ಕೆ ಉಳಿಯುವುದು ಅಲ್ಪವೇ. ಪ್ರಮಾಣಾನುಗುಣ ನ್ಯಾಯವೂ ಕೋಶದ ಅಂಚಿನವರಿಗೆ ಗಂಟೆಯನ್ನು ಕೊಡುತ್ತದೆ, ನೀರಿನ ಖಾತರಿ ಕೊಡುವುದಿಲ್ಲ. ಅಂಚಿನವರಿಗೆ ಇನ್ನಷ್ಟು ಒಲವು ತೋರಿಸುವಂತೆ ಸೂತ್ರದಲ್ಲಿ ಒಂದು ಘಾತವನ್ನು ಬದಲಿಸಲು ಸಾಧ್ಯವಿದ್ದು, ಅದನ್ನು ಎಷ್ಟಕ್ಕೆ ಇಡಬೇಕು ಎಂಬುದನ್ನು ಯಂತ್ರ ತಯಾರಕರೂ ಕಂಪನಿಯ ಎಂಜಿನಿಯರ್‌ಗಳೂ ನಿರ್ಧರಿಸುತ್ತಾರೆ. ಸಾರ್ವಜನಿಕ ಸ್ವತ್ತಿನ ಹಂಚಿಕೆಯಲ್ಲಿ ಇಷ್ಟು ತೂಕದ ನಿರ್ಧಾರ ಇಷ್ಟು ಮರೆಯಲ್ಲಿ ನಡೆಯುವ ಉದಾಹರಣೆ ಬೇರೊಂದು ಸಿಗುವುದು ಕಷ್ಟ.

ಮಾತಿಗೊಂದು ನಿಯಮ, ಚಿತ್ರಕ್ಕೊಂದು ನಿಯಮ

ಎಲ್ಲ ಬಿಟ್‌ಗಳ ಅಗತ್ಯವೂ ಒಂದೇ ಆಗಿದ್ದರೆ ಮೇಲಿನ ಸೂತ್ರವೇ ಸಾಕಾಗುತ್ತಿತ್ತು. ಬಹುಮಾಧ್ಯಮದ ಸಮಸ್ಯೆ ಬೇರೆಯದು. ಸಂಭಾಷಣೆಯಲ್ಲಿ ಒಬ್ಬರ ಮಾತು ಇನ್ನೊಬ್ಬರ ಕಿವಿಗೆ ತಲುಪಲು 150 ಮಿಲಿಸೆಕೆಂಡುಗಳಿಗಿಂತ ಹೆಚ್ಚು ತಡವಾದರೆ ಇಬ್ಬರೂ ಒಬ್ಬರ ಮಾತಿನ ಮೇಲೊಬ್ಬರು ಮಾತಾಡುವಂತಾಗುತ್ತದೆ ಎಂಬುದು ಅಂತರರಾಷ್ಟ್ರೀಯ ದೂರಸಂಪರ್ಕ ಒಕ್ಕೂಟದ ಹಳೆಯ ಶಿಫಾರಸು. ಆದರೆ ನೂರರಲ್ಲಿ ಒಂದು ತುಣುಕು ಕಳೆದುಹೋದರೂ ಕಿವಿ ಅದನ್ನು ಗುರುತಿಸದು, ಏಕೆಂದರೆ ಒಂದು ತುಣುಕಿನಲ್ಲಿರುವುದು 20 ಮಿಲಿಸೆಕೆಂಡಿನಷ್ಟು ಧ್ವನಿ ಮಾತ್ರ. ಬ್ಯಾಂಕಿನ ವ್ಯವಹಾರಕ್ಕೆ ಇದರ ತದ್ವಿರುದ್ಧ ಅಗತ್ಯ: ಕಾಲು ಸೆಕೆಂಡು ತಡವಾದರೆ ಅಡ್ಡಿಯಿಲ್ಲ, ಒಂದು ಬಿಟ್ ಕೂಡ ತಪ್ಪಬಾರದು. ಈ ಕಾರಣದಿಂದ 4ಜಿ ಜಾಲವು ದಟ್ಟಣೆಯನ್ನು ವರ್ಗಗಳಾಗಿ ವಿಂಗಡಿಸುತ್ತದೆ. ಕಂಪನಿಯದೇ ಧ್ವನಿಕರೆಗೆ ಮೊದಲನೆಯ ವರ್ಗ; ಅದಕ್ಕೆ 100 ಮಿಲಿಸೆಕೆಂಡಿನ ಗಡುವು, ನೂರಕ್ಕೊಂದು ನಷ್ಟದ ವಿನಾಯಿತಿ ಮತ್ತು ನಿಶ್ಚಿತ ವೇಗದ ಖಾತರಿ ಇರುತ್ತವೆ. ಸಾಮಾನ್ಯ ಇಂಟರ್‌ನೆಟ್‌ಗೆ ಕಟ್ಟಕಡೆಯ ಒಂಬತ್ತನೆಯ ವರ್ಗ; ಅದಕ್ಕೆ 300 ಮಿಲಿಸೆಕೆಂಡಿನ ಗಡುವಿದ್ದರೂ ವೇಗದ ಖಾತರಿ ಯಾವುದೂ ಇರುವುದಿಲ್ಲ. ಒಂದೇ ಫೋನಿನಿಂದ ಮಾಡಿದ ಸಾಮಾನ್ಯ ಕರೆ ಸ್ಪಷ್ಟವಾಗಿದ್ದು ವಾಟ್ಸ್ಆ್ಯಪ್ ಕರೆ ತುಂಡುತುಂಡಾಗಿ ಕೇಳಿಸುವುದಕ್ಕೆ ಒಂದು ಮುಖ್ಯ ಕಾರಣ ಇಲ್ಲಿದೆ: ಎರಡನೆಯದು ಸಾಮಾನ್ಯವಾಗಿ ಒಂಬತ್ತನೆಯ ವರ್ಗದ ಜನಜಂಗುಳಿಯಲ್ಲಿಯೇ ಸಾಗಬೇಕಾಗುತ್ತದೆ.

ಚಲನಚಿತ್ರದ ಕಥೆ ಇನ್ನೂ ಜಟಿಲ. ಪೂರ್ಣ ಎಚ್‌ಡಿ ಎಂದು ಕರೆಯುವ ಚಿತ್ರದ ಒಂದು ಚೌಕಟ್ಟಿನಲ್ಲಿ ಸುಮಾರು 20.7 ಲಕ್ಷ ಬಿಂದುಗಳಿದ್ದು, ಬಿಂದುವಿಗೆ 24 ಬಿಟ್‌ನಂತೆ ಸೆಕೆಂಡಿಗೆ 25 ಚೌಕಟ್ಟುಗಳನ್ನು ಹಾಗೆಯೇ ಕಳುಹಿಸಿದರೆ ಸೆಕೆಂಡಿಗೆ 124 ಕೋಟಿ ಬಿಟ್ ಬೇಕಾಗುತ್ತದೆ. 2003ರಲ್ಲಿ ರೂಪುಗೊಂಡ ಎಚ್.264 ಮತ್ತು ಆಮೇಲಿನ ಸಂಕೋಚನ ವಿಧಾನಗಳು ಇದನ್ನು ನಾಲ್ಕೈದು ಮೆಗಾಬಿಟ್‌ಗೆ ಇಳಿಸುತ್ತವೆ. ಆಗಾಗ ಒಂದು ಪೂರ್ಣ ಚೌಕಟ್ಟನ್ನು ಕಳುಹಿಸಿ, ನಡುವಿನ ಚೌಕಟ್ಟುಗಳಲ್ಲಿ ಏನು ಬದಲಾಯಿತು ಎಂಬುದನ್ನು ಮಾತ್ರ ತಿಳಿಸುವುದು ಈ ವಿಧಾನಗಳ ತಿರುಳು. ಇದರ ಫಲವಾಗಿ ಬಿಟ್‌ಗಳ ನಡುವೆಯೂ ಮೇಲುಕೀಳು ಹುಟ್ಟುತ್ತದೆ: ಬದಲಾವಣೆಯ ಚೌಕಟ್ಟೊಂದು ಕಳೆದುಹೋದರೆ ಕಣ್ಣು ಕ್ಷಮಿಸಬಹುದು, ಪೂರ್ಣ ಚೌಕಟ್ಟು ಕಳೆದುಹೋದರೆ ಮುಂದಿನದು ಬರುವವರೆಗೂ ಚಿತ್ರವೆಲ್ಲ ಕಲಸಿಹೋಗುತ್ತದೆ.

ಒಬ್ಬರನ್ನೊಬ್ಬರು ಕಾಣದ ಇಬ್ಬರು ವ್ಯವಸ್ಥಾಪಕರು

ಇಂದು ಯೂಟ್ಯೂಬ್ ಅಥವಾ ಒಟಿಟಿ ವೇದಿಕೆಗಳಲ್ಲಿ ಚಿತ್ರ ನೋಡುವಾಗ ಟವರ್‌ನ ಹಂಚಿಕೆಯ ಜೊತೆಗೆ ಇನ್ನೊಂದು ಹಂಚಿಕೆ ಫೋನಿನೊಳಗೇ ನಡೆಯುತ್ತಿರುತ್ತದೆ. ಆ್ಯಪಲ್ ಕಂಪನಿ 2009ರಲ್ಲಿ ತಂದ ಎಚ್‌ಎಲ್‌ಎಸ್ ಮತ್ತು 2012ರಲ್ಲಿ ಅಂತರರಾಷ್ಟ್ರೀಯ ಮಾನಕವಾದ ಡ್ಯಾಶ್ ಎಂಬ ವಿಧಾನಗಳಲ್ಲಿ, ಚಿತ್ರವನ್ನು ಕೆಲವೇ ಸೆಕೆಂಡುಗಳ ತುಣುಕುಗಳಾಗಿ ಕತ್ತರಿಸಿ, ಪ್ರತಿ ತುಣುಕನ್ನೂ ಹಲವು ಗುಣಮಟ್ಟಗಳಲ್ಲಿ ಸರ್ವರ್‌ನಲ್ಲಿ ಇಟ್ಟಿರಲಾಗುತ್ತದೆ. ಹಿಂದಿನ ತುಣುಕು ಎಷ್ಟು ಬೇಗ ಬಂತು, ಕೂಡಿಟ್ಟ ದಾಸ್ತಾನು ಎಷ್ಟು ಸೆಕೆಂಡಿಗೆ ಸಾಕು ಎಂಬುದನ್ನು ನೋಡಿಕೊಂಡು, ಮುಂದಿನ ತುಣುಕನ್ನು ಯಾವ ಗುಣಮಟ್ಟದಲ್ಲಿ ತರಿಸಬೇಕೆಂದು ಫೋನಿನ ಪ್ಲೇಯರ್ ತೀರ್ಮಾನಿಸುತ್ತದೆ. ಈ ದಾಸ್ತಾನೇ ಬಫರ್; ಅದು ಬರಿದಾದಾಗ ತೆರೆಯ ಮೇಲೆ ತಿರುಗುವ ಚಕ್ರವನ್ನೇ ಜನ ಬಫರಿಂಗ್ ಎನ್ನುವುದು. ಚಿತ್ರ ಶುರುವಾಗಲು ಎರಡು ಸೆಕೆಂಡಿಗಿಂತ ಹೆಚ್ಚಾದರೆ ವೀಕ್ಷಕರು ಬಿಟ್ಟುಹೋಗಲು ತೊಡಗುತ್ತಾರೆ, ಆಮೇಲಿನ ಪ್ರತಿ ಸೆಕೆಂಡಿಗೂ ಹಾಗೆ ಹೋಗುವವರ ಪ್ರಮಾಣ ಶೇ 5.8ರಷ್ಟು ಏರುತ್ತದೆ ಎಂದು ಎಸ್. ಶುನ್ಮುಗ ಕೃಷ್ಣನ್ ಮತ್ತು ರಮೇಶ್ ಸೀತಾರಾಮನ್ 2012ರಲ್ಲಿ ಪ್ರಕಟಿಸಿದ ಅಧ್ಯಯನ ಹೇಳುತ್ತದೆ.

ಈ ಏರ್ಪಾಡಿನ ದೋಷ ಎಲ್ಲಿದೆಯೆಂದರೆ, ಟವರ್‌ನ ಶೆಡ್ಯೂಲರ್‌ಗೆ ಫೋನಿನ ದಾಸ್ತಾನು ಕಾಣುವುದಿಲ್ಲ, ಫೋನಿನ ಪ್ಲೇಯರ್‌ಗೆ ಟವರ್‌ನ ಒತ್ತಡ ಕಾಣುವುದಿಲ್ಲ. ಮೂವತ್ತು ಸೆಕೆಂಡಿನ ದಾಸ್ತಾನಿಟ್ಟುಕೊಂಡು ನಿಶ್ಚಿಂತವಾಗಿರುವ ಫೋನೂ, ಇನ್ನೊಂದು ಸೆಕೆಂಡಿಗೆ ಬರಿದಾಗಲಿರುವ ಫೋನೂ ಒಂಬತ್ತನೆಯ ವರ್ಗದಲ್ಲಿ ಸರಿಸಮಾನವಾಗಿ ನಿಲ್ಲುತ್ತವೆ. ಮಾಹಿತಿಯೆಲ್ಲ ಗೂಢಲಿಪೀಕರಣಗೊಂಡು ಸಾಗುವುದರಿಂದ ಕಂಪನಿ ಇಣುಕಿ ನೋಡಿ ತಿಳಿಯುವಂತೆಯೂ ಇಲ್ಲ. ಗ್ರಾಹಕರ ಖಾಸಗಿತನದ ದೃಷ್ಟಿಯಿಂದ ಅದು ಹಾಗೆಯೇ ಇರಬೇಕಾದದ್ದು. ಇಬ್ಬರ ನಡುವೆ ಕನಿಷ್ಠ ಸೂಚನೆಗಳಾದರೂ ವಿನಿಮಯವಾಗಲಿ ಎಂದು ಮಾನಕಗಳು ರೂಪುಗೊಂಡಿದ್ದರೂ ಒಟಿಟಿ ವೇದಿಕೆಗಳೂ ಮೊಬೈಲ್ ಕಂಪನಿಗಳೂ ಪರಸ್ಪರ ನಂಬಿ ಅವನ್ನು ವ್ಯಾಪಕವಾಗಿ ಜಾರಿಗೆ ತಂದಿಲ್ಲ.

ಇವರಿಬ್ಬರೂ ಮಾತಾಡಿಕೊಂಡದ್ದು ವಿಪತ್ತು ಬಂದೆರಗಿದಾಗ. 2020ರ ಮಾರ್ಚ್‌ನಲ್ಲಿ ಕೋವಿಡ್‌ನಿಂದಾಗಿ ದೇಶಕ್ಕೆ ದೇಶವೇ ಮನೆಯೊಳಗೆ ಕುಳಿತು, ಕಚೇರಿ, ಶಾಲೆ, ಮನರಂಜನೆಗಳೆಲ್ಲ ಏಕಕಾಲಕ್ಕೆ ಮೊಬೈಲ್ ಜಾಲದ ಮೇಲೆ ಬಿದ್ದಾಗ ದೂರಸಂಪರ್ಕ ಕಂಪನಿಗಳ ಒಕ್ಕೂಟದ ಮನವಿಯ ಮೇರೆಗೆ ನೆಟ್‌ಫ್ಲಿಕ್ಸ್, ಅಮೆಜಾನ್, ಗೂಗಲ್, ಹಾಟ್‌ಸ್ಟಾರ್ ಮೊದಲಾದವು ಮೊಬೈಲ್ ಜಾಲಗಳಲ್ಲಿ ಎಚ್‌ಡಿ ಗುಣಮಟ್ಟವನ್ನು ಏಪ್ರಿಲ್ 14ರವರೆಗೆ ನಿಲ್ಲಿಸಿ 480ಪಿಗೆ ಇಳಿಸಲು ಒಪ್ಪಿಕೊಂಡವು. ಸಣ್ಣ ತೆರೆಯ ಮೇಲೆ ಕಣ್ಣಿಗೆ ಆಗುವ ನಷ್ಟ ಅಲ್ಪ, ಕೋಶಕ್ಕೆ ಆಗುವ ಉಳಿತಾಯ ಅಪಾರ ಎಂಬುದು ಆ ಕೆಲವು ವಾರಗಳಲ್ಲಿ ಸ್ಪಷ್ಟವಾಯಿತು. ಅಂಥ ಹೊಂದಾಣಿಕೆಗೆ ವಿಪತ್ತನ್ನೇ ಕಾಯಬೇಕಾದ ಅಗತ್ಯವಿರಲಿಲ್ಲ ಎಂದು ಈಗಲೂ ಅನಿಸದೆ ಇರದು.

ಒಂದೇ ಪಂದ್ಯ, ಕೋಟಿ ಪ್ರತಿಗಳು

2023ರ ನವೆಂಬರ್ 19ರಂದು ಅಹಮದಾಬಾದ್‌ನಲ್ಲಿ ಭಾರತ ಮತ್ತು ಆಸ್ಟ್ರೇಲಿಯಾ ನಡುವೆ ನಡೆದ ವಿಶ್ವಕಪ್ ಫೈನಲ್ ಪಂದ್ಯವನ್ನು ಹಾಟ್‌ಸ್ಟಾರ್ ವೇದಿಕೆಯಲ್ಲಿ ಒಂದು ಹಂತದಲ್ಲಿ ಏಕಕಾಲಕ್ಕೆ 5.9 ಕೋಟಿ ಮಂದಿ ನೋಡುತ್ತಿದ್ದರು. ಅಷ್ಟೂ ಮಂದಿಗೆ ಹೋದದ್ದು ಒಂದೇ ದೃಶ್ಯವಾದರೂ ಜಾಲದ ಮಟ್ಟಿಗೆ ಅವು 5.9 ಕೋಟಿ ಬೇರೆ ಬೇರೆ ರವಾನೆಗಳು. ಒಂದೇ ಕೋಶದಲ್ಲಿ 40 ಮಂದಿ ತಲಾ ಒಂದೂವರೆ ಮೆಗಾಬಿಟ್‌ನಂತೆ ಆ ಪಂದ್ಯ ನೋಡಿದರೆ ಒಂದೇ ಚೆಂಡಿನ ಚಿತ್ರಕ್ಕಾಗಿ 60 ಮೆಗಾಬಿಟ್ ವ್ಯಯವಾಗುತ್ತದೆ; ಮೇಲೆ ಕಂಡ ಲೆಕ್ಕದ ಕೋಶ ಅಷ್ಟಕ್ಕೇ ಬಹುತೇಕ ತುಂಬಿಹೋಗುತ್ತದೆ. ಟಿ.ವಿ. ಪ್ರಸಾರದಲ್ಲಿ ಈ ತೊಂದರೆಯಿಲ್ಲ, ಏಕೆಂದರೆ ಅಲ್ಲಿ ಒಂದು ರವಾನೆಯನ್ನು ಎಷ್ಟು ಮಂದಿ ಬೇಕಾದರೂ ಹಿಡಿದುಕೊಳ್ಳಬಹುದು.

ಮೊಬೈಲ್ ಜಾಲದಲ್ಲೇ ಇಂಥ ಪ್ರಸಾರ ಸಾಧ್ಯವಾಗಬೇಕೆಂದು 4ಜಿ ಮಾನಕದಲ್ಲಿ ಅವಕಾಶ ಕಲ್ಪಿಸಲಾಗಿತ್ತು. ಫೋನ್ ತಯಾರಕರು ಆಸಕ್ತಿ ತೋರದೆ ಅದು ಸೊರಗಿತು. ಅದರಲ್ಲೊಂದು ಸಹಜ ತೊಡಕೂ ಇದೆ. ಎಲ್ಲರಿಗೂ ಒಟ್ಟಿಗೆ ಕಳುಹಿಸುವಾಗ ಅತ್ಯಂತ ದುರ್ಬಲ ಸಿಗ್ನಲ್ ಇರುವವರಿಗೂ ಅರ್ಥವಾಗುವಷ್ಟು ನಿಧಾನವಾಗಿ ಕಳುಹಿಸಬೇಕಾಗುತ್ತದೆ. ಅಂದರೆ ಇಲ್ಲಿ ವೇಗವನ್ನು ನಿರ್ಧರಿಸುವವರು ಅಂಚಿನವರೇ. ನೋಡುಗರು ಬೆರಳೆಣಿಕೆಯಷ್ಟಿದ್ದರೆ ಪ್ರಸಾರ ದುಬಾರಿ, ನೂರಾರು ಮಂದಿಯಿದ್ದರೆ ಅದಕ್ಕಿಂತ ಅಗ್ಗವಾದದ್ದು ಇನ್ನೊಂದಿಲ್ಲ. ಇತ್ತೀಚೆಗೆ ಭಾರತದಲ್ಲಿ ಚರ್ಚೆಗೆ ಬಂದಿರುವ ‘ಡೈರೆಕ್ಟ್ ಟು ಮೊಬೈಲ್’ ವ್ಯವಸ್ಥೆ ಬೇರೆ ಹಾದಿ ಹಿಡಿಯುತ್ತದೆ: ಟಿ.ವಿ. ಪ್ರಸಾರದ ಎತ್ತರದ ಗೋಪುರಗಳಿಂದ, ಮೊಬೈಲ್ ಪಟ್ಟಿಗಿಂತ ಕೆಳಗಿನ ತರಂಗಾಂತರದಲ್ಲಿ, ಸಿಮ್ ಮತ್ತು ಇಂಟರ್‌ನೆಟ್‌ನ ಹಂಗಿಲ್ಲದೆ ನೇರವಾಗಿ ಫೋನಿಗೆ ಚಿತ್ರ ತಲುಪಿಸುವುದು ಅದರ ಉದ್ದೇಶ. ಐಐಟಿ ಕಾನ್ಪುರ, ಪ್ರಸಾರ ಭಾರತಿ ಮತ್ತು ಬೆಂಗಳೂರಿನ ಸಾಂಖ್ಯ ಲ್ಯಾಬ್ಸ್ ಇದರಲ್ಲಿ ಕೈಜೋಡಿಸಿದ್ದು, ಬೆಂಗಳೂರು, ದೆಹಲಿ ಮತ್ತು ನೋಯ್ಡಾಗಳಲ್ಲಿ ಪ್ರಾಯೋಗಿಕ ಪ್ರಸಾರ ನಡೆದಿದೆ. ಅದಕ್ಕೆ ಬೇಕಾದ ಚಿಪ್ಪನ್ನು ಫೋನಿನೊಳಗೆ ಇಡಲು ತಯಾರಕರು ಒಪ್ಪುವರೇ, ತಮ್ಮ ಡೇಟಾ ವ್ಯಾಪಾರಕ್ಕೆ ಕುತ್ತು ತರಬಹುದಾದ ವ್ಯವಸ್ಥೆಯನ್ನು ಮೊಬೈಲ್ ಕಂಪನಿಗಳು ಸಹಿಸುವವೇ ಎಂಬುದರ ಮೇಲೆ ಅದರ ಭವಿಷ್ಯ ನಿಂತಿದೆ. ಚುನಾವಣಾ ಫಲಿತಾಂಶ, ಪ್ರವಾಹದ ಎಚ್ಚರಿಕೆ, ದೊಡ್ಡ ಪಂದ್ಯಗಳಂಥ ಸಂದರ್ಭಗಳಿಗೆ ಇದು ಎಷ್ಟು ಒಗ್ಗುತ್ತದೆ ಎಂಬುದನ್ನು ನೋಡಿದರೆ ವ್ಯಾಪಾರದ ಲೆಕ್ಕಾಚಾರವೊಂದಕ್ಕೇ ಇದನ್ನು ಬಿಟ್ಟುಕೊಡುವುದು ಸರಿಯಲ್ಲ.

ಕಿರಣಗಳು ಮತ್ತು ಪದರಗಳು

ಸಮಯ ಮತ್ತು ಆವರ್ತನಗಳ ಜೊತೆಗೆ ಮೂರನೆಯದೊಂದು ಆಯಾಮ, ಅಂದರೆ ದಿಕ್ಕು, ಹಂಚಿಕೆಗೆ ಸೇರಿಕೊಂಡದ್ದು ಆರೋಗ್ಯಸ್ವಾಮಿ ಪಾಲ್‌ರಾಜ್ ಅವರ ಕೊಡುಗೆಯಿಂದ. ಭಾರತೀಯ ನೌಕಾಪಡೆಯಲ್ಲಿ ಸೋನಾರ್ ತಂತ್ರಜ್ಞಾನ ರೂಪಿಸಿ, ಬೆಂಗಳೂರಿನಲ್ಲಿ ಕೃತಕ ಬುದ್ಧಿಮತ್ತೆ ಹಾಗೂ ರೊಬಾಟಿಕ್ಸ್ ಕೇಂದ್ರವನ್ನು ಕಟ್ಟಿ ನಿಲ್ಲಿಸಿದ ಅವರು, ಬಳಿಕ ಅಮೆರಿಕದ ಸ್ಟ್ಯಾನ್‌ಫೋರ್ಡ್ ವಿಶ್ವವಿದ್ಯಾಲಯದಲ್ಲಿ ಥಾಮಸ್ ಕೈಲಾತ್ ಅವರೊಡನೆ ಒಂದು ಹೊಸ ವಿಧಾನಕ್ಕೆ 1994ರಲ್ಲಿ ಪೇಟೆಂಟ್ ಪಡೆದರು. ಹಲವು ಆಂಟೆನಾಗಳನ್ನು ಬಳಸಿ ಒಂದೇ ಆವರ್ತನದಲ್ಲಿ, ಒಂದೇ ಕ್ಷಣದಲ್ಲಿ ಬೇರೆ ಬೇರೆ ಮಾಹಿತಿಯ ಧಾರೆಗಳನ್ನು ಕಳುಹಿಸುವ ಆ ವಿಧಾನ ‘ಮೈಮೋ’ ಎಂದು ಪ್ರಸಿದ್ಧವಾಯಿತು. 2014ರಲ್ಲಿ ಅವರಿಗೆ ಮಾರ್ಕೋನಿ ಪ್ರಶಸ್ತಿ ಸಂದಿತು. ಇಂದಿನ 5ಜಿ ಟವರ್‌ಗಳಲ್ಲಿ 64 ಪ್ರೇಷಕ-ಗ್ರಾಹಕ ಜೋಡಿಗಳಿರುವ ಫಲಕಗಳು ಬೇರೆ ಬೇರೆ ದಿಕ್ಕಿಗೆ ಕಿರಣಗಳನ್ನು ಹೊಮ್ಮಿಸಿ, ಒಂದೇ ಬ್ಲಾಕ್ ಅನ್ನು ಹಲವರಿಗೆ ಒಮ್ಮೆಲೇ ಕೊಡಬಲ್ಲವು. ಜನ ಒತ್ತೊತ್ತಾಗಿರುವ ಪೇಟೆಯಲ್ಲಿ ಇದರ ಲಾಭ ದೊಡ್ಡದು.

5ಜಿಯ ಇನ್ನೊಂದು ಸಾಧ್ಯತೆಯಾದ ನೆಟ್‌ವರ್ಕ್ ಸ್ಲೈಸಿಂಗ್, ಅಂದರೆ ಒಂದೇ ಜಾಲವನ್ನು ಬೇರೆ ಬೇರೆ ಖಾತರಿಗಳುಳ್ಳ ಪದರಗಳಾಗಿ ವಿಂಗಡಿಸುವುದು, ಹೆಚ್ಚು ಎಚ್ಚರ ಬೇಡುತ್ತದೆ. ಆಂಬ್ಯುಲೆನ್ಸ್‌ನಿಂದ ಆಸ್ಪತ್ರೆಗೆ ಹೋಗುವ ಚಿತ್ರಕ್ಕೆ ಪ್ರತ್ಯೇಕ ಪದರ ಇರಬೇಕು ಎಂಬುದನ್ನು ಯಾರೂ ಅಲ್ಲಗಳೆಯಲಾರರು. ಆದರೆ ಹೆಚ್ಚು ಹಣ ತೆತ್ತ ಒಟಿಟಿ ವೇದಿಕೆಗೆ ವೇಗದ ಪದರವನ್ನು ಕೊಟ್ಟರೆ ಆ ಬ್ಲಾಕ್‌ಗಳು ಬರುವುದು ಒಂಬತ್ತನೆಯ ವರ್ಗದಲ್ಲಿ ಕಾಯುತ್ತಿರುವವರ ಪಾಲಿನಿಂದಲೇ. ವಿಷಯಾಧಾರಿತ ದರ ತಾರತಮ್ಯವನ್ನು ದೂರಸಂಪರ್ಕ ನಿಯಂತ್ರಣ ಪ್ರಾಧಿಕಾರವಾದ ಟ್ರಾಯ್ 2016ರ ಫೆಬ್ರುವರಿಯಲ್ಲಿ ನಿಷೇಧಿಸಿತು, 2018ರಲ್ಲಿ ಕೇಂದ್ರ ಸರ್ಕಾರ ಅಂತರ್ಜಾಲ ತಾಟಸ್ಥ್ಯದ, ಅಂದರೆ ಎಲ್ಲ ದಟ್ಟಣೆಯನ್ನೂ ಸಮಾನವಾಗಿ ಕಾಣಬೇಕೆಂಬ, ತತ್ವವನ್ನು ಒಪ್ಪಿಕೊಂಡು ವಿಶೇಷ ಸೇವೆಗಳಿಗೆ ವಿನಾಯಿತಿ ನೀಡಿತು. ಆ ವಿನಾಯಿತಿಯ ಗಡಿ ಎಲ್ಲಿ ಮುಗಿಯುತ್ತದೆ ಎಂಬುದೇ ಮುಂದಿನ ವರ್ಷಗಳ ವಾದವಾಗಲಿದೆ.

ಅಂಚಿನವರ ಅಳತೆ

ಕೋವಿಡ್ ಕಾಲದಲ್ಲಿ ಮಲೆನಾಡು ಮತ್ತು ಕರಾವಳಿಯ ಒಳಹಳ್ಳಿಗಳ ವಿದ್ಯಾರ್ಥಿಗಳು ಆನ್‌ಲೈನ್ ತರಗತಿಗಾಗಿ ಗುಡ್ಡ ಹತ್ತಿ, ಟಾರ್ಪಾಲಿನಡಿ ಕುಳಿತದ್ದನ್ನು ಪತ್ರಿಕೆಗಳು ವರದಿ ಮಾಡಿದ್ದವು. ಅವರ ತೊಂದರೆ ಇಮ್ಮುಖವಾದದ್ದು. ಟವರ್ ಹತ್ತಾರು ವ್ಯಾಟ್ ಶಕ್ತಿಯಲ್ಲಿ ಸಿಗ್ನಲ್ ಬೀರುತ್ತದೆ, ಫೋನಿನ ಗರಿಷ್ಠ ಶಕ್ತಿ ಸಾಮಾನ್ಯವಾಗಿ ವ್ಯಾಟಿನ ಐದನೆಯ ಒಂದು ಭಾಗ. ಹಾಗಾಗಿ ಅಂಚಿನಲ್ಲಿ ಶಿಕ್ಷಕರ ಚಿತ್ರ ವಿದ್ಯಾರ್ಥಿಯನ್ನು ಹೇಗೋ ತಲುಪಿದರೂ ವಿದ್ಯಾರ್ಥಿಯ ಪ್ರಶ್ನೆ ಶಿಕ್ಷಕರನ್ನು ತಲುಪುವುದಿಲ್ಲ. ಮೊದಲು ಮುರಿಯುವುದು ಮೇಲ್ಮುಖದ ಕೊಂಡಿ. ಕಾಡು ಗುಡ್ಡಗಳ ನಡುವೆ ಹೆಚ್ಚು ದೂರ ಸಾಗಬಲ್ಲ 700 ಮೆಗಾಹರ್ಟ್ಜ್‌ನಂಥ ಕೆಳ ಆವರ್ತನಗಳು ಇದಕ್ಕೆ ತಕ್ಕವು, ಆದರೆ ಆ ಪಟ್ಟಿಗಳು ಕಿರಿದು. ಅಗಲವಾದ 3300 ಮೆಗಾಹರ್ಟ್ಜ್ ಮೇಲಿನ ಪಟ್ಟಿಗಳು ಎಲೆ, ಗೋಡೆಗಳನ್ನು ದಾಟಲು ಹೆಣಗುತ್ತವೆ. ಸಂಪರ್ಕವೇ ಇಲ್ಲದ 24,680 ಹಳ್ಳಿಗಳಿಗೆ 4ಜಿ ಒದಗಿಸಲು ಕೇಂದ್ರ ಸಚಿವ ಸಂಪುಟ 2022ರ ಜುಲೈನಲ್ಲಿ 26,316 ಕೋಟಿ ರೂಪಾಯಿಯ ಯೋಜನೆಗೆ ಒಪ್ಪಿಗೆ ನೀಡಿ, ಅದರ ಹೊಣೆಯನ್ನು ಬಿಎಸ್‌ಎನ್‌ಎಲ್‌ಗೆ ವಹಿಸಿತು.

ಟವರ್ ಬಂದ ಮಾತ್ರಕ್ಕೆ ಪಾಲು ಬಂತೆಂದು ಹೇಳಲಾಗದು. 2024ರಲ್ಲಿ ಟ್ರಾಯ್ ಹೊರಡಿಸಿದ ಸೇವಾ ಗುಣಮಟ್ಟದ ನಿಯಮಗಳು ಕಂಪನಿಗಳು ತಮ್ಮ ವ್ಯಾಪ್ತಿಯ ನಕ್ಷೆಗಳನ್ನು ಜಾಲತಾಣದಲ್ಲಿ ಪ್ರಕಟಿಸಬೇಕೆಂದು ವಿಧಿಸಿವೆ. ಅವುಗಳಿಂದ ಸಿಗ್ನಲ್ ಎಲ್ಲಿದೆಯೆಂದು ತಿಳಿಯುತ್ತದೆ, ಸಂಜೆಯ ದಟ್ಟಣೆಯಲ್ಲಿ ಅಂಚಿನ ಮನೆಗೆ ಎಷ್ಟು ದಕ್ಕಿತೆಂಬುದು ತಿಳಿಯುವುದಿಲ್ಲ. ಅದಕ್ಕೆ ತಕ್ಕ ಅಳತೆಯೊಂದು ಅಂತರರಾಷ್ಟ್ರೀಯ ದೂರಸಂಪರ್ಕ ಒಕ್ಕೂಟದ 5ಜಿ ಮಾನದಂಡದಲ್ಲೇ ಇದೆ. ಎಲ್ಲ ಬಳಕೆದಾರರನ್ನು ಅವರಿಗೆ ಸಿಕ್ಕ ವೇಗದ ಕ್ರಮದಲ್ಲಿ ಸಾಲಾಗಿ ನಿಲ್ಲಿಸಿ, ಕೆಳಗಿನಿಂದ ಶೇ 5ರ ಗೆರೆಯಲ್ಲಿರುವವರಿಗೆ ಎಷ್ಟು ದೊರೆಯಿತು ಎಂದು ಅದು ಕೇಳುತ್ತದೆ. ಗ್ರಾಮೀಣ ಪ್ರದೇಶದಲ್ಲಿ ಅವರಿಗೆ ಮೇಲ್ಮುಖವಾಗಿ ಪ್ರತಿ ಹರ್ಟ್ಜ್‌ಗೆ ಸೆಕೆಂಡಿಗೆ ಕನಿಷ್ಠ 0.045 ಬಿಟ್ ಸಿಗಬೇಕೆಂದು ನಿಗದಿಪಡಿಸುತ್ತದೆ. ಹತ್ತು ಮೆಗಾಹರ್ಟ್ಜ್ ಪಟ್ಟಿಯಲ್ಲಿ ಅದು ಸೆಕೆಂಡಿಗೆ 4.5 ಲಕ್ಷ ಬಿಟ್ ಆಗುತ್ತದೆ. ಒಬ್ಬ ವಿದ್ಯಾರ್ಥಿಯ ಮುಖ ಸಣ್ಣದಾಗಿ, ಆದರೆ ನಿಲ್ಲದೆ, ಶಿಕ್ಷಕರಿಗೆ ಕಾಣಲು ಅಷ್ಟು ಸಾಕು. ಫೋನುಗಳು ಕಳುಹಿಸುವ ಸಿಗ್ನಲ್ ವರದಿಗಳೂ ಹಂಚಿಕೆಯಾದ ವೇಗದ ಅಂಕಿಗಳೂ ಪ್ರತಿ ಟವರ್‌ನಲ್ಲಿ ಈಗಾಗಲೇ ದಾಖಲಾಗುತ್ತಿರುವುದರಿಂದ, ಮಲೆನಾಡಿನ ಸಾಗರ ತಾಲ್ಲೂಕಿಗೂ ಬೆಂಗಳೂರಿನ ಕೋರಮಂಗಲಕ್ಕೂ ಈ ಶೇ 5ರ ಅಂಕಿಯನ್ನು ಪ್ರತ್ಯೇಕವಾಗಿ, ಗಂಟೆವಾರು ಪ್ರಕಟಿಸಬೇಕೆಂದು ಕಂಪನಿಗಳನ್ನು ಕೇಳಲು ಹೊಸ ಯಂತ್ರವಾಗಲಿ ಹೊಸ ತಂತ್ರಜ್ಞಾನವಾಗಲಿ ಬೇಕಿಲ್ಲ. ಟ್ರಾಯ್ ಹೊರಡಿಸುವ ಒಂದು ನಿಯಮ ಸಾಕು.